ಪ್ರಿಂಟರ್ ಕೈಕೊಟ್ಟಿದೆ. ರಿಪೇರಿ ಮಾಡಿಸಲೋ, ಹೊಸದು ತರಲೋ? ಕಲಬುರಗಿ ಮಂದಿ ಹೇಳ್ರೀ

ಸೇಡಂ ರಸ್ತೆ:
ಎಲ್ಲರಿಗೂ ನಮಸ್ಕಾರ್ರೀ. ಮೂರು ದಿನದಿಂದ ನಮ್ಮ ಮನೆಯಲ್ಲಿ ಒಂದೇ ಜಗಳ. ಅದನ್ನು ಇಲ್ಲಿ ತಂದು ಹಾಕುತ್ತಿದ್ದೇನೆ.

2020ರಲ್ಲಿ ಲಾಕ್‌ಡೌನ್ ಹೊತ್ತಿಗೆ ಮಗಳ ಆನ್‌ಲೈನ್ ಕ್ಲಾಸಿಗೆ ಅಂತ ಇಂಕ್ ಟ್ಯಾಂಕ್ ಪ್ರಿಂಟರ್ ತಂದಿದ್ದೆವು. ಬಾಟಲಿಯಿಂದ ಇಂಕ್ ಸುರಿಯುವಂಥದ್ದು, ಸ್ಕ್ಯಾನರ್ ಕೂಡ ಇದೆ. ಆಗ 11 ಸಾವಿರ ಕೊಟ್ಟ ನೆನಪು. ಕಂಪನಿ ಹೆಸರು ಬೇಡ ಬಿಡಿ, ಹೇಳಿದರೆ ಮಾತು ಎಲ್ಲಿಗೋ ಹೋಗುತ್ತದೆ. ಐದು ವರ್ಷ ತಕರಾರಿಲ್ಲದೆ ನಡೆದಿತ್ತು. ಈ ಬೇಸಿಗೆಯಲ್ಲಿ ಊರಿಗೆ ಹೋಗಿ ಬಂದ ಮೇಲೆ ಕಪ್ಪು ಅಕ್ಷರ ಅರ್ಧಂಬರ್ಧ ಬರಲು ಶುರುವಾಯಿತು. ತಲೆಕಟ್ಟು ಇದ್ದರೆ ಒತ್ತಕ್ಷರ ಇಲ್ಲ, ಒತ್ತಕ್ಷರ ಇದ್ದರೆ ತಲೆಕಟ್ಟು ಇಲ್ಲ. ಈಗ ಅದೂ ಬಂದ್. ಎರಡು ಲೈಟು ಒಂದಾದ ಮೇಲೊಂದು ಮಿಣುಕುತ್ತವೆ. ಯಾವ ಬಟನ್ ಒತ್ತಿದರೂ ಜಪ್ಪಯ್ಯ ಅನ್ನುವುದಿಲ್ಲ.

ನಮ್ಮ ಊರಿನ ಸೂಪರ್ ಮಾರ್ಕೆಟ್ ಪೇಟೆ ಕಡೆ ಒಂದು ಅಂಗಡಿಗೆ ಒಯ್ದೆ. ಒಳಗಿನ ಸರ್ಕ್ಯೂಟ್ ಬೋರ್ಡ್ ಹೋಗಿದೆ, 5,500 ಆಗುತ್ತದೆ ಅಂದರು. ಇನ್ನೊಂದು ಅಂಗಡಿಯವರು ಹೆಡ್, ಅಂದರೆ ಹಾಳೆಗೆ ಇಂಕ್ ಚಿಮ್ಮಿಸುವ ಭಾಗ ಹೋಗಿದೆ, 6,500 ಅಂದರು. ಅವರೇ ಮುಂದುವರಿದು, ಅಷ್ಟು ರೊಕ್ಕ ಇದಕ್ಕೆ ಹಾಕುವ ಬದಲು ಹೊಸದು ತಗೊಳ್ರೀ, ಹಳೆಯದಕ್ಕೆ 800 ಹಿಡಿಯುತ್ತೇವೆ ಅಂದರು. ನಮ್ಮ ಯಜಮಾನರು ಹೊಸದರ ಪಕ್ಷ. ಮಾವನವರು ರಿಪೇರಿ ಪಕ್ಷ. ಅವರ ಎಚ್‌ಎಂಟಿ ಗಡಿಯಾರ ಇನ್ನೂ ನಡೆಯುತ್ತಿದೆ, ಮಷೀನು ಅಂದ ಮೇಲೆ ರಿಪೇರಿ ಆಗಲೇಬೇಕು ಅನ್ನುತ್ತಾರೆ. ನಡುವೆ ನಾನು. ಮಗಳ ಸಿಇಟಿ ಕಾಗದಪತ್ರ, ಕಲ್ಯಾಣ ಕರ್ನಾಟಕದವರ ಮೀಸಲಾತಿಯ 371ಜೆ ಪ್ರಮಾಣಪತ್ರ, ಅದು ಇದು ಅಂತ ದಿನಾ ಏನಾದರೂ ಪ್ರಿಂಟ್ ಬೇಕೇ ಬೇಕು. ಏನು ಮಾಡಲಿ?

ಚಾ ಬಿಸ್ಕಿಟ್:
ಹೊಸದು ತಗೊಳ್ರೀ. ಮುಗೀತು.

ಶಹಾಬಾದ್ ಕಲ್ಲು:
ಹೊಸದು ತಗೊಳ್ಳೋದಾದರೆ ಇಂಕ್ ಕಡೆ ತಿರುಗಿಯೂ ನೋಡಬೇಡಿ. ಲೇಸರ್ ತನ್ನಿ. ನಮ್ಮ ಬೀಜ ಗೊಬ್ಬರದ ಅಂಗಡಿಯಲ್ಲಿ ಎಚ್‌ಪಿ 1020 ಇದೆ. 2009ರಿಂದ ಬಿಲ್ಲು ತೆಗೆಯುತ್ತಿದೆ. ಧೂಳು, ಬಿಸಿಲು, ಗೊಬ್ಬರದ ಘಾಟು ಎಲ್ಲಾ ಕುಡಿದು ಕೂತಿದೆ. ಟೋನರ್ ಅಂದರೆ ಪುಡಿ. ಪುಡಿ ಒಣಗುವುದು ಎಲ್ಲಿಂದ ಬಂತು? ಇಂಕ್ ಅಂದರೆ ನೀರು. ನಮ್ಮ ಊರಿನ ಮೇ ತಿಂಗಳಲ್ಲಿ ಕೆರೆ ನೀರೇ ಉಳಿಯುವುದಿಲ್ಲ, ಕೂದಲಿಗಿಂತ ಸಣ್ಣ ತೂತಿನಲ್ಲಿ ಇಂಕ್ ಉಳಿಯುತ್ತದಾ?

ಖಾಲಿ ಟೋನರ್:
ಸೇಡಂ ರಸ್ತೆ ಅಕ್ಕೋರೆ, ತಡೀರಿ. ಹೊಸದು ಹಳೆಯದು ಆಮೇಲೆ. ನಾನು ಹದಿನಾಲ್ಕು ವರ್ಷದಿಂದ ಇದೇ ಕೆಲಸ ಮಾಡುವವನು. ಒಂದೇ ಮಷೀನಿಗೆ ಇಬ್ಬರು ಎರಡು ರೋಗ ಹೇಳಿದ್ದಾರೆ ಅಂದರೆ ಇಬ್ಬರೂ ಬಿಚ್ಚಿ ನೋಡಿಲ್ಲ ಅಂತ ಅರ್ಥ. ಮೊದಲು ಮೂರು ಮಾತಿಗೆ ಉತ್ತರ ಕೊಡಿ. ಎರಡು ಲೈಟು ಅಂದರೆ ಯಾವುವು, ಇಂಕ್ ಹನಿ ಚಿತ್ರದ್ದು ಮತ್ತು ಹಾಳೆ ಚಿತ್ರದ್ದಾ? ಕಂಪ್ಯೂಟರ್ ಪರದೆ ಮೇಲೆ ಏನಾದರೂ ಸಂದೇಶ ಬಂತಾ? ಅಕ್ಷರ ಅರ್ಧ ಬರುವಾಗ ನೀವು ಏನು ಮಾಡಿದ್ರಿ?

ಆಳಂದದ ತೊಗರಿ:
ನನಗೊಂದು ಬೇರೆ ಪ್ರಶ್ನೆ. ಮನೆಗೆ ಪ್ರಿಂಟರ್ ಯಾಕೆ ಬೇಕು? ಲೆಕ್ಕ ಹಾಕಿ. ತಿಂಗಳಿಗೆ 25 ಹಾಳೆ ಅಂದುಕೊಳ್ಳಿ. ಜೆರಾಕ್ಸ್ ಅಂಗಡಿಯಲ್ಲಿ 2 ರೂಪಾಯಿ ಹಿಡಿದರೂ ವರ್ಷಕ್ಕೆ 600. ಐದು ವರ್ಷಕ್ಕೆ 3,000. ನೀವು ಪ್ರಿಂಟರಿಗೇ 11 ಸಾವಿರ ಕೊಟ್ಟಿದ್ದೀರಿ, ಇಂಕು ಬೇರೆ, ಹಾಳೆ ಬೇರೆ, ಮನೆ ಜಗಳ ಬೇರೆ.

ಜೋಳದ ರೊಟ್ಟಿ:
@ಆಳಂದದ ತೊಗರಿ ಅಣ್ಣಾರೆ, ನಿಮ್ಮ ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳು ಇಲ್ಲ ಅಂತ ಕಾಣುತ್ತದೆ. ರಾತ್ರಿ ಒಂಬತ್ತೂವರೆಗೆ "ಅಮ್ಮಾ ನಾಳೆ ಹತ್ತು ಹಕ್ಕಿ ಚಿತ್ರ ಬೇಕು, ಕಲರ್" ಅಂದಾಗ ಯಾವ ಜೆರಾಕ್ಸ್ ಅಂಗಡಿ ತೆರೆದಿರುತ್ತದೆ ಹೇಳಿ. ಇನ್ನೊಂದು ಮಾತು. ಆಧಾರ್, ಬ್ಯಾಂಕ್ ಪಾಸ್‌ಬುಕ್ ಎಲ್ಲಾ ಗುರುತಿಲ್ಲದ ಅಂಗಡಿಯವರ ವಾಟ್ಸ್‌ಆ್ಯಪ್‌ಗೆ ಕಳಿಸಬೇಕು. ಅವರು ಅಳಿಸುತ್ತಾರಾ? ಅವರ ಕಂಪ್ಯೂಟರಿನ ಡೌನ್‌ಲೋಡ್ ಫೋಲ್ಡರ್ ಒಮ್ಮೆ ಇಣುಕಿ ನೋಡಿ, ಅರ್ಧ ಊರಿನ ಜಾತಕ ಅಲ್ಲಿರುತ್ತದೆ.

ಆಳಂದದ ತೊಗರಿ:
ಅದಕ್ಕೇ ಮಾಸ್ಕ್ ಮಾಡಿದ ಆಧಾರ್ ಅಂತ ಇದೆಯಲ್ಲ. ಕೊನೆಯ 4 ಅಂಕಿ ಮಾತ್ರ ಕಾಣುತ್ತವೆ. ಹಕ್ಕಿ ಚಿತ್ರದ ಮಾತು ಒಪ್ಪಿದೆ.

ಸೇಡಂ ರಸ್ತೆ:
@ಖಾಲಿ ಟೋನರ್ ಸರ್, ಹೌದು, ಅವೇ ಎರಡು ಲೈಟು. ಪರದೆ ಮೇಲೆ ಇಂಗ್ಲಿಷಿನಲ್ಲಿ ಏನೋ ಇಂಕ್ ಪ್ಯಾಡ್ ಅಂತ ಬಂದಿತ್ತು, ಮಗಳು ಓದುವ ಮೊದಲೇ ನಾನು ಮುಚ್ಚಿಬಿಟ್ಟೆ. ಅಕ್ಷರ ಅರ್ಧ ಬಂದಾಗ ಯೂಟ್ಯೂಬ್ ನೋಡಿ ಹೆಡ್ ಕ್ಲೀನಿಂಗ್ ಕೊಟ್ಟೆ. ಒಂದು ಸಲಕ್ಕೆ ಸರಿ ಆಗಲಿಲ್ಲ. ಮತ್ತೆ ಕೊಟ್ಟೆ. ಆ ಸಂಜೆ ಒಟ್ಟು ಹತ್ತು ಹನ್ನೆರಡು ಸಲ ಒತ್ತಿರಬೇಕು. ತಪ್ಪಾಯಿತಾ?

ಚಾ ಬಿಸ್ಕಿಟ್:
ಹನ್ನೆರಡು ಸಲ!

ಖಾಲಿ ಟೋನರ್:
ಸಿಕ್ಕಿತು. ಅಕ್ಕೋರೆ, ನಿಮ್ಮ ಬೋರ್ಡ್ ಹೋಗಿಲ್ಲ. ಹೆಡ್ ಕೂಡ ಹೋಗಿಲ್ಲ ಅಂತ ನನ್ನ ಅಂದಾಜು. ಎರಡನೆಯದನ್ನು ನೋಡದೆ ಗ್ಯಾರಂಟಿ ಕೊಡುವುದಿಲ್ಲ.

ನಡೆದದ್ದು ಹೀಗೆ. ಹೆಡ್ ಕ್ಲೀನಿಂಗ್ ಅಂದರೆ ಪ್ರಿಂಟರು ಹೆಡ್‌ನ ತೂತುಗಳ ಮೂಲಕ ಇಂಕ್ ಜಗ್ಗಿ ಹೊರಗೆ ಚೆಲ್ಲುತ್ತದೆ. ಚೆಲ್ಲಿದ್ದು ಎಲ್ಲಿಗೆ ಹೋಗಬೇಕು? ಮಷೀನಿನ ಹೊಟ್ಟೆಯಲ್ಲಿ ಒಂದು ಸ್ಪಂಜು ಇರುತ್ತದೆ, ವೇಸ್ಟ್ ಇಂಕ್ ಪ್ಯಾಡ್ ಅಂತ, ಅಲ್ಲಿಗೆ. ಮಗುವಿನ ಡೈಪರ್ ಇದ್ದ ಹಾಗೆ. ಸ್ಪಂಜು ಎಷ್ಟು ನೆನೆದಿದೆ ಅಂತ ಪ್ರಿಂಟರಿಗೆ ಗೊತ್ತಾಗುವುದಿಲ್ಲ. ಅದು ಬರೀ ಎಣಿಸುತ್ತದೆ. ಇಷ್ಟು ಸಲ ಕ್ಲೀನ್ ಮಾಡಿದೆ, ಇಷ್ಟು ಇಂಕ್ ಹೋಗಿರಬೇಕು ಅಂತ ಲೆಕ್ಕ. ಲೆಕ್ಕ ತುಂಬಿದ ದಿನ ನಿಂತುಬಿಡುತ್ತದೆ. ಆ ಎರಡು ಲೈಟು ಅದೇ ಮಾತು ಹೇಳುತ್ತಿವೆ. ಐದು ವರ್ಷದ ಲೆಕ್ಕ ಹೇಗೂ ತುಂಬುತ್ತಾ ಬಂದಿತ್ತು. ನಿಮ್ಮ ಹನ್ನೆರಡು ಸಲದ ಒತ್ತಿನಲ್ಲಿ ಅಂಚು ದಾಟಿತು.

ಅಂದರೆ ರೋಗ ಒಂದು, ಮದ್ದಿನಿಂದ ಬಂದ ರೋಗ ಇನ್ನೊಂದು. ಪ್ಯಾಡ್ ಬದಲಿಸಿ ಎಣಿಕೆ ಸೊನ್ನೆ ಮಾಡಿದರೆ ಲೈಟು ಆರುತ್ತದೆ. ಆಮೇಲೆ ನಾಝಲ್ ಚೆಕ್ ಹಾಳೆ, ಅಂದರೆ ಯಾವ ತೂತು ಮುಚ್ಚಿದೆ ಅಂತ ತೋರಿಸುವ ಗೆರೆಗಳ ಹಾಳೆ, ತೆಗೆದು ನೋಡಿದರೆ ಹೆಡ್ ಕಥೆ ಗೊತ್ತಾಗುತ್ತದೆ. ಅದಕ್ಕೂ ಮೊದಲು ಹೆಡ್ ಹೋಗಿದೆ ಅನ್ನುವುದು ರಕ್ತ ಪರೀಕ್ಷೆ ಮಾಡದೆ ಆಪರೇಷನ್ ಮಾಡಿದ ಹಾಗೆ.

ಶಹಾಬಾದ್ ಕಲ್ಲು:
ನೋಡಿದ್ರಾ? ಡೈಪರ್ ತುಂಬಿತು ಅಂತ ಮಗುವನ್ನೇ ಬಿಸಾಡು ಅನ್ನುವ ಮಷೀನು. ಇದಕ್ಕೇ ನಾನು ಲೇಸರ್ ಅನ್ನುವುದು.

ಯಾದಗಿರಿ ಪೋರ:
ಅಕ್ಕಾ, ಆ ಎಣಿಕೆ ಸೊನ್ನೆ ಮಾಡುವ ರಿಸೆಟ್ ತಂತ್ರಾಂಶ ಇಂಟರ್‌ನೆಟ್ಟಿನಲ್ಲಿ ಫ್ರೀ ಸಿಗುತ್ತದೆ. ಹತ್ತು ನಿಮಿಷದ ಕೆಲಸ. ಅಂಗಡಿಗೆ ಹೋಗುವುದೇ ಬೇಡ.

ಖಾಲಿ ಟೋನರ್:
@ಯಾದಗಿರಿ ಪೋರ ತಮ್ಮಾ, ಬೇಡ. ಫ್ರೀ ಅಂತ ಸಿಗುವ ಆ ಫೈಲು ಹಾಕುವ ಮೊದಲು ಆ್ಯಂಟಿವೈರಸ್ ಬಂದ್ ಮಾಡಿ ಅಂತ ಬರೆದಿರುತ್ತಾರೆ. ಅದನ್ನು ನಂಬಿ ಮಾಡಿದ ಇಬ್ಬರ ಕಂಪ್ಯೂಟರ್ ನಾನೇ ಫಾರ್ಮ್ಯಾಟ್ ಮಾಡಿಕೊಟ್ಟಿದ್ದೇನೆ. ರೊಕ್ಕ ಕೊಟ್ಟು ಕೀ ತಗೊಂಡು ಮಾಡುವ ದಾರಿ ಇದೆ, ಅದು ಬೇರೆ. ಎರಡನೆಯದು, ಬರೀ ಎಣಿಕೆ ಸೊನ್ನೆ ಮಾಡಿ ಸ್ಪಂಜು ಹಾಗೇ ಬಿಟ್ಟರೆ ಒಂದು ದಿನ ಇಂಕ್ ಕೆಳಗಿನಿಂದ ಸೋರುತ್ತದೆ.

ಜೋಳದ ರೊಟ್ಟಿ:
ಸೋರುತ್ತದೆ ಅಲ್ಲ, ಸೋರಿದೆ. ನಮ್ಮ ಮನೆಯಲ್ಲಿ. ನಾಲ್ಕೂ ಬಣ್ಣ ಸೇರಿ ಕಪ್ಪು ಕಷಾಯದ ಹಾಗೆ ಮೇಜಿನಿಂದ ಇಳಿದು ಕಲ್ಲು ಹಾಸಿನ ಮೇಲೆ ಬಿತ್ತು. ಶಹಾಬಾದ್ ಕಲ್ಲು ಎಣ್ಣೆ ಕಲೆ ಬಿಡುತ್ತದೆ, ಅರಿಶಿನ ಬಿಡುತ್ತದೆ, ಇದನ್ನು ಮಾತ್ರ ಬಿಡಲಿಲ್ಲ. ಈಗ ಅದರ ಮೇಲೆ ಚಾಪೆ ಹಾಸಿದ್ದೇನೆ.

ಶಹಾಬಾದ್ ಕಲ್ಲು:
ನನ್ನ ಹೆಸರು ಯಾಕೆ ಎಳೀತೀರಿ 😄

ಬಿದ್ರಿ ಹೂಜಿ:
ಬೀದರಿನಿಂದ ಒಂದು ಮಾತು. ಎಲ್ಲಾ ಇಂಕ್ ಪ್ರಿಂಟರೂ ಒಂದೇ ಅಲ್ಲ, ಇದನ್ನು ಯಾರೂ ಹೇಳಲಿಲ್ಲ. ಎಚ್‌ಪಿಯ ಸಾದಾ ಕಾರ್ಟ್ರಿಜ್ ಪ್ರಿಂಟರಿನಲ್ಲಿ ಹೆಡ್ ಕಾರ್ಟ್ರಿಜ್ ಮೈಗೇ ಅಂಟಿಕೊಂಡಿರುತ್ತದೆ. ಕಾರ್ಟ್ರಿಜ್ ಬದಲಿಸಿದರೆ ಹೆಡ್ಡೂ ಹೊಸದು. ಕ್ಯಾನನ್ ಜಿ ಸರಣಿಯ ಟ್ಯಾಂಕ್ ಪ್ರಿಂಟರಿನಲ್ಲಿ ಹೆಡ್ ಬೇರೆ ಸಿಗುತ್ತದೆ, ಮನೆಯಲ್ಲೇ ತೆಗೆದು ಹಾಕಬಹುದು. ಎಪ್ಸನ್‌ನದು ಪೀಜೋ ಹೆಡ್, ಕರೆಂಟ್ ಕೊಟ್ಟರೆ ಬಾಗುವ ಹರಳಿನಿಂದ ಇಂಕ್ ತಳ್ಳುವಂಥದ್ದು. ಅದು ಮಷೀನಿನ ಜೊತೆಗೇ ಇರುವಂಥದ್ದು, ಬಾಳಿಕೆ ಜಾಸ್ತಿ, ಹೋದರೆ ಖರ್ಚೂ ಜಾಸ್ತಿ. ಹಾಗಾಗಿ ಹೆಡ್ ಹೋಗಿದೆ ಅಂತ ಯಾರಾದರೂ ಅಂದರೆ ಯಾವ ತರಹದ ಹೆಡ್ ಅಂತ ಕೇಳಬೇಕು. 6,500 ಒಂದು ಕಡೆ ಸರಿ ಇರಬಹುದು, ಇನ್ನೊಂದು ಕಡೆ ಹಗಲು ದರೋಡೆ.

ಆಳಂದದ ತೊಗರಿ:
ಹೂಜಿ ಅವರೇ, ನಿಮಗೆ ಹೈದರಾಬಾದ್ ಹತ್ತಿರ. ಸಿಕಂದರಾಬಾದಿನ ಕಂಪ್ಯೂಟರ್ ಮಾರ್ಕೆಟ್ ಸಿಟಿಸಿಗೆ ಹೋದರೆ ಎಂಥ ಪಾರ್ಟೂ ಸಿಗುತ್ತದೆ. ನಾವು ಹೋಗಬೇಕೆಂದರೆ 220 ಕಿಲೋಮೀಟರು.

ಬಿದ್ರಿ ಹೂಜಿ:
ಹತ್ತಿರ ಅಂದರೂ ಹೋಗಿ ಬರಲು ಒಂದು ದಿನ. ಪಾರ್ಟು 900, ಹೋಗಿ ಬರುವ ಖರ್ಚು 700, ಅಲ್ಲಿ ತಿಂದ ಬಿರಿಯಾನಿ ಲೆಕ್ಕಕ್ಕಿಲ್ಲ.

ಅಪ್ಪನ ಕೆರೆ:
ತಂಗಿ, ನಾನು ನಿವೃತ್ತ ಮುಖ್ಯೋಪಾಧ್ಯಾಯ. ನನ್ನ ಅನುಭವ ಹೇಳುತ್ತೇನೆ. ಬಿಸಿ ನೀರಿನಲ್ಲಿ ಹೆಡ್ ಅದ್ದಿ ಹತ್ತು ನಿಮಿಷ ಇಟ್ಟರೆ ಎಂಥ ಇಂಕೂ ಬಿಡುತ್ತದೆ. ನಾನೇ ಮಾಡಿದ್ದೇನೆ. ಆಗದಿದ್ದರೆ ಇಂಜೆಕ್ಷನ್ ಸಿರಿಂಜಿನಿಂದ ನೀರು ಒತ್ತಿ ಬಿಡಬೇಕು.

ಇನ್ನೊಂದು ವಿಷಯ, ಸ್ವಲ್ಪ ಬೇರೆ. ಜೆರಾಕ್ಸ್ ಅಂಗಡಿಯಲ್ಲಿ ನನ್ನ ನುಡಿ ಫೈಲುಗಳು ತೆರೆದರೆ ಬರೀ ಇಂಗ್ಲಿಷ್ ಅಕ್ಷರದ ಗೋಜಲು ಬರುತ್ತದೆ. ಅಂಗಡಿಯ ಹುಡುಗರಿಗೆ ಹೇಳಿದರೆ ಪ್ರಿಂಟರ್ ಕೆಟ್ಟಿದೆ ಅನ್ನುತ್ತಾರೆ. ಏನು ಮಾಡಬೇಕು?

ಯಾದಗಿರಿ ಪೋರ:
ಸರ್, ಅದು ಪ್ರಿಂಟರಿನ ತಪ್ಪಲ್ಲ. ಹಳೆಯ ನುಡಿ ಫಾಂಟಿನಲ್ಲಿ ಬರೆದದ್ದು ಯುನಿಕೋಡ್ ಅಲ್ಲ. ಒಳಗೆ ಇರುವುದು ಇಂಗ್ಲಿಷ್ ಅಕ್ಷರದ ಸಂಕೇತಗಳೇ, ಅವುಗಳ ಮೇಲೆ ಕನ್ನಡದ ಚಿತ್ರ ಹೊದಿಸಿರುತ್ತಾರೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಹೊದಿಕೆ ಜಾರುತ್ತದೆ. ಮನೆಯಲ್ಲೇ ಪಿಡಿಎಫ್ ಮಾಡಿ ಒಯ್ಯಿರಿ. ಇಲ್ಲವಾದರೆ ಯುನಿಕೋಡ್‌ಗೆ ಬದಲಿಸಿ, ಪರಿವರ್ತಕ ತಂತ್ರಾಂಶಗಳು ಇವೆ.

ಅಪ್ಪನ ಕೆರೆ:
ಪಿಡಿಎಫ್ ಸರಿ. ಬದಲಿಸಿದರೆ ಅರ್ಕಾವತ್ತು ಎಲ್ಲೆಲ್ಲೋ ಹೋಗಿ ಕೂರುತ್ತದೆ, ಅದನ್ನು ನೋಡಿದ್ದೇನೆ.

ಖಾಲಿ ಟೋನರ್:
@ಅಪ್ಪನ ಕೆರೆ ಸರ್, ದೊಡ್ಡವರು, ಬೇಜಾರು ಮಾಡಿಕೊಳ್ಳಬೇಡಿ. ನೀವು ಮಾಡಿದ್ದು ಕಾರ್ಟ್ರಿಜ್ ಹೆಡ್ ಇರಬೇಕು. ಅದರ ತುದಿಯನ್ನು ಉಗುರು ಬೆಚ್ಚಗಿನ ನೀರಿನಲ್ಲಿ ಇಟ್ಟರೆ ಬಿಡುತ್ತದೆ, ನಿಜ. ಮಷೀನಿನಲ್ಲೇ ಕೂತಿರುವ ಹೆಡ್ಡಿಗೆ ಇದನ್ನು ಮಾಡಬಾರದು. ಕುದಿಯುವ ನೀರು ಹಾಕಿದರೆ ಅಂಟು ಬಿಡುತ್ತದೆ. ನೀರು ಮೇಲಿನ ವೈರಿಗೆ ತಗಲಿದರೆ ಆಗ ನಿಜವಾಗಿಯೂ ಬೋರ್ಡ್ ಹೋಗುತ್ತದೆ. ಸಿರಿಂಜ್ ಜೋರಾಗಿ ಒತ್ತಿದರೆ ಒಳಗಿನ ತೆಳು ಪದರ ಹರಿಯುತ್ತದೆ.

ಸರಿಯಾದ ದಾರಿ ನಿಧಾನದ್ದು. ಡಿಸ್ಟಿಲ್ಡ್ ನೀರು, ಇನ್ವರ್ಟರ್ ಬ್ಯಾಟರಿಗೆ ಹಾಕುತ್ತೇವಲ್ಲ ಅದು. ಆ್ಯಸಿಡ್ ಅಲ್ಲ, ಒಮ್ಮೆ ಒಬ್ಬರು ಅದನ್ನೂ ಹಾಕಿ ತಂದಿದ್ದರು. ಹೆಡ್ ಬಂದು ಕೂರುವ ಜಾಗದಲ್ಲಿ ರಬ್ಬರ್ ಅಂಚಿನ ಸಣ್ಣ ಸ್ಪಂಜಿನ ಬಟ್ಟಲು ಇರುತ್ತದೆ. ಅದರಲ್ಲಿ ನಾಲ್ಕು ಹನಿ ಹಾಕಿ ರಾತ್ರಿಯಿಡೀ ಬಿಡಬೇಕು. ಬೆಳಿಗ್ಗೆ ಒಂದೇ ಸಲ ಕ್ಲೀನಿಂಗ್, ಆಮೇಲೆ ನಾಝಲ್ ಚೆಕ್. ಸರಿ ಆಗದಿದ್ದರೆ ಮತ್ತೆ ಹನ್ನೆರಡು ತಾಸು ಬಿಡಿ. ಮೂರು ಸಲಕ್ಕಿಂತ ಜಾಸ್ತಿ ಕ್ಲೀನಿಂಗ್ ಒತ್ತುವುದರಲ್ಲಿ ಏನೂ ಲಾಭವಿಲ್ಲ, ಇಂಕ್ ಖರ್ಚು ಅಷ್ಟೇ.

ಅಕ್ಕೋರೆ, ಒಂದು ಕೇಳುವುದು ಮರೆತೆ. ಊರಿಗೆ ಹೋಗುವಾಗ ಪ್ರಿಂಟರನ್ನು ಅದರ ಬಟನ್‌ನಿಂದಲೇ ಆಫ್ ಮಾಡಿದ್ರಾ?

ಸೇಡಂ ರಸ್ತೆ:
ಇಲ್ಲ ಸರ್. ಬೆಳಗಿನ ಐದರ ಬಸ್ಸು. ಹಿಂದಿನ ರಾತ್ರಿ ಯಜಮಾನರು ಟಿಕೆಟ್ ಪ್ರಿಂಟ್ ತೆಗೆದಿದ್ದರು. ಬೆಳಿಗ್ಗೆ ಗಡಬಡದಲ್ಲಿ ಮೇನ್ ಸ್ವಿಚ್ಚೇ ಇಳಿಸಿ ಹೋದೆವು. ಎರಡು ತಿಂಗಳು ಮನೆ ಬೀಗ.

ಖಾಲಿ ಟೋನರ್:
ಪೂರ್ತಿ ಕಥೆ ಸಿಕ್ಕಿತು. ಬಟನ್ ಒತ್ತಿ ಆಫ್ ಮಾಡಿದರೆ ಹೆಡ್ ಹೋಗಿ ಆ ರಬ್ಬರ್ ಬಟ್ಟಲಿನ ಮೇಲೆ ಕೂರುತ್ತದೆ, ಗಾಳಿ ಆಡುವುದಿಲ್ಲ. ಪೆನ್ನಿಗೆ ಟೊಪ್ಪಿ ಹಾಕಿದ ಹಾಗೆ. ಗೋಡೆ ಸ್ವಿಚ್ಚಿನಿಂದ ಒಮ್ಮೆಲೆ ತೆಗೆದರೆ ಅದು ಎಲ್ಲಿದೆಯೋ ಅಲ್ಲೇ ನಿಂತುಬಿಡಬಹುದು. ನಿಮ್ಮದು ಟೊಪ್ಪಿ ಇಲ್ಲದ ಪೆನ್ನಿನ ಹಾಗೆ ಬಾಯಿ ತೆರೆದು ಏಪ್ರಿಲ್, ಮೇ ಎರಡೂ ತಿಂಗಳು ಕೂತಿದೆ. ಅದೂ ಈ ಊರಿನಲ್ಲಿ, 42, 43 ಡಿಗ್ರಿಯಲ್ಲಿ.

ಚಾ ಬಿಸ್ಕಿಟ್:
ತಪ್ಪು ಯಜಮಾನರದು. ಕೇಸ್ ಮುಗೀತು.

ಸೇಡಂ ರಸ್ತೆ:
ಇದನ್ನು ಸ್ಕ್ರೀನ್‌ಶಾಟ್ ತೆಗೆದು ಇಟ್ಟುಕೊಂಡಿದ್ದೇನೆ 😀

ಜೋಳದ ರೊಟ್ಟಿ:
ನನ್ನದೊಂದು ಕಥೆ ಕೇಳಿ, ಬೋರ್ಡ್ ಹೋಗಿದೆ ಅನ್ನುವುದಕ್ಕೆ. ಹೋದ ವರ್ಷ ನಮ್ಮ ಪ್ರಿಂಟರ್ ಆನ್ ಮಾಡಿದರೆ ಹೆಡ್ ಒಂದು ಬದಿಗೆ ಹೋಗಿ ಢಬ್ ಅಂತ ಬಡಿದು ನಿಲ್ಲುತ್ತಿತ್ತು. ಎಲ್ಲಾ ಲೈಟೂ ಮಿಣುಕುತ್ತಿದ್ದವು. ಅಂಗಡಿಯಲ್ಲಿ ಬೋರ್ಡ್ ಅಂದರು. ನನ್ನ ತಮ್ಮ ಬಂದು ಟಾರ್ಚ್ ಹಾಕಿ ನೋಡಿದ. ಒಳಗೆ ಹಲ್ಲಿ ಮರಿ ಸತ್ತು ಬಿದ್ದಿತ್ತು. ಅದನ್ನು ತೆಗೆದರೂ ಸರಿ ಆಗಲಿಲ್ಲ. ಆಮೇಲೆ ನೋಡಿದರೆ ಹೆಡ್ ಓಡಾಡುವ ದಾರಿಯಲ್ಲಿ ಒಂದು ತೆಳ್ಳನೆಯ ಪ್ಲಾಸ್ಟಿಕ್ ಪಟ್ಟಿ ಇದೆ, ಅದರ ಮೇಲೆ ಕಲೆ. ಮೆತ್ತನೆಯ ಬಟ್ಟೆ ನೀರಿಗೆ ಅದ್ದಿ ಒರೆಸಿದ. ನಡೆಯಿತು. ಇವತ್ತಿಗೂ ನಡೆಯುತ್ತಿದೆ.

ಖಾಲಿ ಟೋನರ್:
ಅದು ಎನ್‌ಕೋಡರ್ ಪಟ್ಟಿ. ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳು ಅದರ ಮೇಲೆ ಇರುತ್ತವೆ. ಆ ಗೆರೆ ಎಣಿಸಿಯೇ ಹೆಡ್ಡಿಗೆ ತಾನು ಎಲ್ಲಿದ್ದೇನೆ ಅಂತ ಗೊತ್ತಾಗುವುದು. ಮೈಲಿಗಲ್ಲಿನ ಮೇಲೆ ಸುಣ್ಣ ಬಳಿದರೆ ಡ್ರೈವರ್ ಏನು ಮಾಡಬೇಕು? ತಮ್ಮನಿಗೆ ಕೆಲಸ ಬೇಕಾದರೆ ಹೇಳಿ.

ಶಹಾಬಾದ್ ಕಲ್ಲು:
ಹಲ್ಲಿ, ಡೈಪರ್, ಟೊಪ್ಪಿ, ಬ್ಯಾಟರಿ ನೀರು. ಲೇಸರಿಗೆ ಇದು ಯಾವುದೂ ಬೇಡ. ನನ್ನ 1020ಕ್ಕೆ ಹಾಕುವ 12ಎ ಟೋನರ್ ಒಂದಕ್ಕೆ 2,000 ಪುಟ. ಲೋಕಲ್ ರೀಫಿಲ್ 300 ರೂಪಾಯಿ. ಮುಗೀತು.

ಬಿದ್ರಿ ಹೂಜಿ:
@ಶಹಾಬಾದ್ ಕಲ್ಲು, ಆ 2,000 ಪುಟ ಅನ್ನುವುದು ಹಾಳೆಯ ಸುಮಾರು 5 ಶೇಕಡಾ ಜಾಗದಲ್ಲಿ ಮಾತ್ರ ಕಪ್ಪು ಬಿದ್ದರೆ. ಅರ್ಧ ಪುಟ ಫೋಟೋ ಹಾಕಿದರೆ ಲೆಕ್ಕ ಬೇರೆ. ಲೇಸರಿಗೆ ಏನೂ ಆಗುವುದಿಲ್ಲ ಅನ್ನಬೇಡಿ. ಅಕ್ಷರ ಬೆರಳಿಗೆ ಅಂಟಿ ಬಂದರೆ ಬಿಸಿ ಮಾಡುವ ಫ್ಯೂಸರ್ ಕೆಟ್ಟಿದೆ ಅಂತ. ಒಂದೇ ಕಲೆ ಹಾಳೆಯಲ್ಲಿ 75 ಮಿಲಿಮೀಟರಿಗೊಮ್ಮೆ ಬಂದರೆ ಪುಡಿಯನ್ನು ಹಾಳೆಗೆ ದಾಟಿಸುವ ಡ್ರಮ್ಮಿಗೆ ಗೀರು ಬಿದ್ದಿದೆ ಅಂತ. ನಿಮ್ಮ 1020ಕ್ಕೆ ಇಷ್ಟು ವರ್ಷದಲ್ಲಿ ಏನೇನು ಹಾಕಿಸಿದ್ದೀರಿ, ನಿಜ ಹೇಳಿ.

ಶಹಾಬಾದ್ ಕಲ್ಲು:
ಫ್ಯೂಸರ್ ಫಿಲ್ಮ್ ಎರಡು ಸಲ. ಹಾಳೆ ಎಳೆಯುವ ರಬ್ಬರ್ ಮೂರು ಸಲ. ಡ್ರಮ್ ಲೆಕ್ಕ ಇಟ್ಟಿಲ್ಲ.

ಬಿದ್ರಿ ಹೂಜಿ:
ಹಾಂ.

ಶಹಾಬಾದ್ ಕಲ್ಲು:
ಆದರೂ ಎಲ್ಲಾ ಸೇರಿ ಒಂದು ಹೊಸ ಇಂಕ್ ಪ್ರಿಂಟರಿನ ಬೆಲೆ ಆಗಿಲ್ಲ. ಪಾರ್ಟು ಸೂಪರ್ ಮಾರ್ಕೆಟಿನಲ್ಲೇ ಸಿಗುತ್ತದೆ, ಸಿಟಿಸಿಗೆ ಹೋಗಿ ಬಿರಿಯಾನಿ ತಿನ್ನಬೇಕಿಲ್ಲ. ಪಾರ್ಟ್ ಊರಲ್ಲಿ ಸಿಗುವ ಮಷೀನು ತಗೊಳ್ಳಿ ಅನ್ನುವುದು ನನ್ನ ಮಾತು.

ಖಾಲಿ ಟೋನರ್:
ಇದು ಮಾತ್ರ ಸತ್ಯ. ಎಚ್‌ಪಿ 1020, ಕ್ಯಾನನ್ 2900 ಎರಡಕ್ಕೂ ಇದೇ 12ಎ ನಡೆಯುತ್ತದೆ, ಪಾರ್ಟು ಎಲ್ಲಾ ಕಡೆ ಸಿಗುತ್ತವೆ. ಹಳೆ ಕುದುರೆಗಳು. ಆದರೆ ಲೇಸರನ್ನು ಮನೆ ಇನ್ವರ್ಟರಿಗೆ, ಸಣ್ಣ ಯುಪಿಎಸ್‌ಗೆ ಜೋಡಿಸಬೇಡಿ. ಫ್ಯೂಸರ್ ಬಿಸಿ ಆಗುವಾಗ ಒಮ್ಮೆಲೆ ಜಾಸ್ತಿ ಕರೆಂಟ್ ಎಳೆಯುತ್ತದೆ, ಯುಪಿಎಸ್ ಕೀಂ ಅಂತ ಕೂಗಿ ಬಂದ್ ಆಗುತ್ತದೆ. ಇಂಕ್ ಪ್ರಿಂಟರಿಗೆ ಹದಿನೈದು ವಾಟ್ ಆಸುಪಾಸು ಸಾಕು. ಕರೆಂಟ್ ಹೋದಾಗಲೂ ಪ್ರಿಂಟ್ ಬೇಕು ಅನ್ನುವವರು ಇದನ್ನು ನೆನಪಿಡಿ.

ಯಾದಗಿರಿ ಪೋರ:
ಪ್ರಿಂಟರ್ ಮಾತು ಬಂತು ಅಂತ ಹೇಳುತ್ತೇನೆ. ಫ್ರೀ ಸಾಫ್ಟ್‌ವೇರ್ (ಪುಕ್ಕಟೆ ಅಂತ ಅಲ್ಲ, ಯಾರು ಬೇಕಾದರೂ ಕೋಡ್ ನೋಡಿ ತಿದ್ದಬಹುದಾದ ತಂತ್ರಾಂಶ) ಚಳವಳಿ ಹುಟ್ಟಿದ್ದೇ ಒಂದು ಪ್ರಿಂಟರ್ ಜಗಳದಿಂದ, ಗೊತ್ತಾ? 1980ರ ಸುಮಾರಿಗೆ ಅಮೆರಿಕದ ಎಂಐಟಿ ಪ್ರಯೋಗಾಲಯಕ್ಕೆ ಜೆರಾಕ್ಸ್ ಕಂಪನಿಯ ಲೇಸರ್ ಪ್ರಿಂಟರ್ ಬಂತು. ಹಾಳೆ ಸಿಕ್ಕಿಕೊಂಡು ನಿಲ್ಲುತ್ತಿತ್ತು. ಪ್ರಿಂಟ್ ಕೊಟ್ಟವರು ಇನ್ನೊಂದು ಮಹಡಿಯಲ್ಲಿ ಕಾಯುತ್ತಾ ಕೂತಿರುತ್ತಿದ್ದರು. ಅಲ್ಲಿನ ಪ್ರೋಗ್ರಾಮರ್ ರಿಚರ್ಡ್ ಸ್ಟಾಲ್‌ಮನ್ ಹಳೆಯ ಪ್ರಿಂಟರಿಗೆ ಹಾಳೆ ಸಿಕ್ಕಿಕೊಂಡರೆ ಪ್ರಿಂಟಿಗೆ ಕಾಯುವವರ ಪರದೆಗೆ ಸುದ್ದಿ ಹೋಗುವಂತೆ ತಂತ್ರಾಂಶ ತಿದ್ದಿದ್ದರು. ಹೊಸದಕ್ಕೂ ಮಾಡೋಣ ಅಂದರೆ ಅದರ ಕೋಡ್ ಕೊಡಲಿಲ್ಲ. ಆ ಸಿಟ್ಟು ಒಳಗೇ ಉಳಿಯಿತು. 1983ರಲ್ಲಿ ಕೋಡ್ ಎಲ್ಲರಿಗೂ ತೆರೆದಿಡುವ ಗ್ನೂ ಯೋಜನೆ ಘೋಷಿಸಿದರು.

ಚಾ ಬಿಸ್ಕಿಟ್:
ಅಂದರೆ ಅಕ್ಕನ ಮನೆ ಜಗಳದಿಂದಲೂ ಏನಾದರೂ ಹುಟ್ಟಬಹುದು.

ಆಳಂದದ ತೊಗರಿ:
ಪೋರನ ಮಾತಿನಲ್ಲಿ ತಿರುಳಿದೆ. ಸ್ಪಂಜು ನಮ್ಮದು, ಮಷೀನು ನಮ್ಮದು, ಎಣಿಕೆಯ ಬೀಗದ ಕೈ ಮಾತ್ರ ಕಂಪನಿಯದು. ಟ್ರ್ಯಾಕ್ಟರಿನಲ್ಲೂ ಈಗ ಇದೇ ಶುರುವಾಗಿದೆ. ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2022ರಲ್ಲಿ ರೈಟ್ ಟು ರಿಪೇರ್, ಅಂದರೆ ರಿಪೇರಿಯ ಹಕ್ಕು ಅಂತ ಸಮಿತಿ ಮಾಡಿ ಪೋರ್ಟಲ್ ಕೂಡ ತೆರೆಯಿತು. ಅದರ ಪಟ್ಟಿಯಲ್ಲಿ ಕೃಷಿ ಯಂತ್ರಗಳೂ ಇದ್ದವು, ಅದಕ್ಕೇ ನನಗೆ ನೆನಪಿದೆ.

ಖಾಲಿ ಟೋನರ್:
ಕೆಲವು ಹೊಸ ಮಾಡೆಲ್‌ಗಳಲ್ಲಿ ಮೇಂಟೆನೆನ್ಸ್ ಬಾಕ್ಸ್ ಅಂತ ಬರುತ್ತದೆ. ಸ್ಪಂಜಿನ ಡಬ್ಬಿ. ತುಂಬಿದರೆ ಎಳೆದು ತೆಗೆದು ಹೊಸದು ಹಾಕುವುದು, ಅಷ್ಟೇ. ಹೊಸ ಇಂಕ್ ಪ್ರಿಂಟರ್ ತಗೊಳ್ಳುವವರು ಅಂಗಡಿಯಲ್ಲಿ ಇದೊಂದು ಪ್ರಶ್ನೆ ಕೇಳಿ. ವೈಫೈ ಇದೆಯಾ ಅಂತ ಎಲ್ಲರೂ ಕೇಳುತ್ತಾರೆ, ಇದನ್ನು ಯಾರೂ ಕೇಳುವುದಿಲ್ಲ.

ಅಪ್ಪನ ಕೆರೆ:
ಹಳೆಯದಕ್ಕೆ 800 ಹಿಡಿಯುತ್ತೇವೆ ಅಂದರಲ್ಲ, ಕೆಟ್ಟ ಪ್ರಿಂಟರ್ ತಗೊಂಡು ಅವರು ಏನು ಮಾಡುತ್ತಾರೆ?

ಖಾಲಿ ಟೋನರ್:
ಸರ್, ಪ್ಯಾಡ್ ಬದಲಿಸಿ, ಹೆಡ್ ತೊಳೆದು, ಸೆಕೆಂಡ್ ಹ್ಯಾಂಡ್ ಅಂತ ನಾಲ್ಕೂವರೆ ಸಾವಿರಕ್ಕೆ ಮಾರುತ್ತಾರೆ. ಎಲ್ಲರೂ ಅಲ್ಲ. ನಾನೂ ಅದೇ ವ್ಯಾಪಾರದವನು, ಹೆಚ್ಚು ಹೇಳಿಸಬೇಡಿ.

ಬಿದ್ರಿ ಹೂಜಿ:
ನಿಜವಾಗಿ ಸತ್ತ ಪ್ರಿಂಟರನ್ನು ಮಾತ್ರ ಗುಜರಿಯವನ ಗಾಡಿಗೆ ಹಾಕಬೇಡಿ. ಅವರು ಬಯಲಿನಲ್ಲಿ ವೈರು ಸುಡುತ್ತಾರೆ. ಇ-ತ್ಯಾಜ್ಯದ ಹೊಸ ನಿಯಮ 1 ಏಪ್ರಿಲ್ 2023ರಿಂದ ಜಾರಿಯಲ್ಲಿದೆ. ಪ್ರಿಂಟರು, ಕಾರ್ಟ್ರಿಜ್ ಎರಡೂ ಅದರಲ್ಲಿ ಬರುತ್ತವೆ, ಮರುಬಳಕೆಯ ಹೊಣೆ ಕಂಪನಿಯದು. ಅವರ ಸಹಾಯವಾಣಿಗೆ ಫೋನ್ ಮಾಡಿ ಎಲ್ಲಿ ಕೊಡಬೇಕು ಅಂತ ಕೇಳಿ.

ಆಳಂದದ ತೊಗರಿ:
ಫೋನ್ ಮಾಡಿದರೆ ಬೆಂಗಳೂರಿನ ವಿಳಾಸ ಕೊಡುತ್ತಾರೆ, ನೋಡಿ ಬೇಕಾದರೆ.

ಬಿದ್ರಿ ಹೂಜಿ:
ಕೊಡಲಿ, ಕೇಳುವವರೇ ಇಲ್ಲದಿದ್ದರೆ ಅಂಥ ಕೇಂದ್ರ ಇಲ್ಲಿಗೆ ಎಂದೂ ಬರುವುದಿಲ್ಲ.

ಸೇಡಂ ರಸ್ತೆ:
ನಾಲ್ಕು ದಿನ ಆಯಿತು, ಸುದ್ದಿ ಹೇಳುತ್ತೇನೆ.

ಮೂರನೆಯ ಅಂಗಡಿಗೆ ಹೋದೆ. ಸಣ್ಣ ಅಂಗಡಿ, ಒಬ್ಬನೇ ಹುಡುಗ. ಖಾಲಿ ಟೋನರ್ ಸರ್ ಬರೆದದ್ದನ್ನೇ ಫೋನಿನಲ್ಲಿ ತೋರಿಸಿದೆ. ಅವನು ನಕ್ಕ. ನನ್ನ ಮುಂದೆಯೇ ಹಿಂಬದಿಯ ಮುಚ್ಚಳ ತೆಗೆದು ಸ್ಪಂಜು ಹೊರಗೆ ಎಳೆದ. ಏನು ಹೇಳಲಿ, ಇಂಕಿನಲ್ಲಿ ಅದ್ದಿದ ಬ್ರೆಡ್ಡಿನ ಹಾಗಿತ್ತು. ಹೊಸ ಪ್ಯಾಡ್ ಮತ್ತು ರಿಸೆಟ್ ಸೇರಿ 700. ಲೈಟು ಆರಿತು. ಮಾವ ಅಲ್ಲೇ ನಿಂತಿದ್ದರು, ನೋಡಿದೆಯಾ ಅನ್ನುವ ಹಾಗೆ ನನ್ನ ಕಡೆ ನೋಡಿದರು.

ನಾಝಲ್ ಚೆಕ್ ತೆಗೆದರೆ ಮೂರು ಬಣ್ಣ ಪೂರ್ತಿ, ಕಪ್ಪು ಅರ್ಧ ಇಲ್ಲ. ಹುಡುಗ ಎರಡು ದಿನ ಬಿಡ್ರೀ ಅಂದ. ಬಿಟ್ಟು ಬಂದೆ. ಹೆಡ್ ಕೆಲಸಕ್ಕೆ 300 ತಗೊಂಡ. ಈಗ ಕಪ್ಪಿನಲ್ಲಿ ಎರಡು ಸಣ್ಣ ಗೆರೆ ಮಾತ್ರ ಬರುವುದಿಲ್ಲ, ಅಕ್ಷರ ಓದಲು ಏನೂ ತೊಂದರೆ ಇಲ್ಲ. ಒಟ್ಟು ಒಂದು ಸಾವಿರ. ಮಗಳ ಕಾಗದ ಎಲ್ಲಾ ನಿನ್ನೆ ರಾತ್ರಿ ತೆಗೆದೆ.

ಶಹಾಬಾದ್ ಕಲ್ಲು:
ಒಳ್ಳೆಯದಾಯಿತು. ಇನ್ನೊಮ್ಮೆ ಕೆಟ್ಟರೆ ಲೇಸರ್.

ಸೇಡಂ ರಸ್ತೆ:
ಯಜಮಾನರೂ ಅದೇ ಹೇಳಿದರು. ಇನ್ನೊಮ್ಮೆ ಸಾವಿರದ ಮೇಲೆ ಖರ್ಚು ಬಂದರೆ ಕಪ್ಪು ಬಿಳುಪು ಲೇಸರ್, ಕಲರ್ ಬೇಕಾದರೆ ಜೆರಾಕ್ಸ್ ಅಂಗಡಿ ಅಂತ ಒಪ್ಪಂದ ಆಗಿದೆ. ತೊಗರಿ ಅಣ್ಣಾರ ಲೆಕ್ಕವೂ ಅದರಲ್ಲಿ ಅರ್ಧ ಸೇರಿತು.

ಯಾದಗಿರಿ ಪೋರ:
ಅಕ್ಕಾ, ಮತ್ತೆ ಒಣಗದ ಹಾಗೆ ಏನು ಮಾಡುತ್ತೀರಿ?

ಸೇಡಂ ರಸ್ತೆ:
ಅದರ ಕೆಲಸ ಮಾವ ತಗೊಂಡಿದ್ದಾರೆ. ಬಳಸದೆ ಬಿಟ್ಟರೆ ಒಣಗುತ್ತದೆ ಅಂತ ಆ ಹುಡುಗ ಹೇಳಿದ್ದೇ ಸಾಕಾಯಿತು. ದಿನಾ ಬೆಳಿಗ್ಗೆ ಪೂಜೆ ಮುಗಿಸಿ ಒಂದು ವಚನ ಪ್ರಿಂಟ್ ತೆಗೆಯುತ್ತಾರೆ, ಸುತ್ತಲೂ ಹೂವಿನ ಅಂಚು, ನಾಲ್ಕೂ ಬಣ್ಣ. ಹೀಗೇ ಆದರೆ ಅಡುಗೆ ಮನೆ ಗೋಡೆ ತುಂಬಿಬಿಡುತ್ತದೆ. ಆಮೇಲೆ ತಾವೇ ಬಟನ್ ಒತ್ತಿ ಆಫ್ ಮಾಡುತ್ತಾರೆ, ಬೇರೆ ಯಾರೂ ಮುಟ್ಟುವ ಹಾಗಿಲ್ಲ.

ಖಾಲಿ ಟೋನರ್:
ಅಕ್ಕೋರೆ, ದಿನಾ ಬೇಡ. ವಾರಕ್ಕೊಂದು ಹಾಳೆ ಸಾಕು.

ಸೇಡಂ ರಸ್ತೆ:
ಇದನ್ನು ಮಾವನಿಗೆ ನೀವೇ ಬಂದು ಹೇಳ್ರೀ ಸರ್. ಚಾ ನಾನು ಮಾಡಿಕೊಡುತ್ತೇನೆ.

ಚಾ ಬಿಸ್ಕಿಟ್:
ನಾನೂ ಬರುತ್ತೇನೆ.